ಎಲ್ಲರೂ ನೋಡುವ ಕಿಟಕಿ

ಪಶುವೈದ್ಯೆಯ ಫೋಟೋವನ್ನು ಚೂಟಿ ಮತ್ತೆ ಬೋರಲು ಹಾಕಿದಳು. ಫೋಟೋಗ್ರಾಫರ್ ಬಂದು ಮತ್ತೆ ಅದನ್ನು ಅಂಗಾತ ಮಾಡಿದ.

"ಒಣಗಲಿ ಬಿಡು, ಚೂಟಿ."

"ಪ್ರಿಂಟ್ ಆವಾಗ್ಲೇ ಒಣಗಿದೆ. ನಿನ್ನ ಕಣ್ಣೇ ಅದಕ್ಕೆ ಅಂಟ್ಕೊಂಡಿರೋದು."

ಅವನು ನಕ್ಕು ಮತ್ತೆ ಫೋಟೋದ ಮೇಲೆ ಬಗ್ಗಿದ. ಚೂಟಿಯ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು.

ಆ ಸ್ಟುಡಿಯೋದಲ್ಲಿ ಸೈಡ್ ಪೋಸ್ ಬಿಟ್ಟು ಬೇರೆ ಫೋಟೋ ಇಲ್ಲ. ಮನುಷ್ಯರಿಗೂ, ಹುಂಜಕ್ಕೂ, ಮೂತಿ ಸೊಟ್ಟಗಾದ ಕೆಟಲ್ಲಿಗೂ ಒಂದೇ ಮರ್ಯಾದೆ. ಕ್ಯಾಮೆರಾ ಎದುರು ನಿಂತವರು ಮುಖಕ್ಕೆ ಇಸ್ತ್ರಿ ಹಾಕಿಕೊಳ್ಳುತ್ತಾರೆ, ಪಕ್ಕಕ್ಕೆ ತಿರುಗಿದರೆ ಅದನ್ನು ಮರೆಯುತ್ತಾರೆ ಎನ್ನುವುದು ಅವನ ವಾದ. ತಿರುಗಿದವರಿಗೆ ನೋಡಲು ಏನಾದರೂ ಬೇಕಲ್ಲ? ಅದಕ್ಕೇ ಚೂಟಿ. ಕಿಟಕಿಯ ಬಳಿ ನಿಂತು ಮಕ್ಕಳಿಗೆ ಗಿಲಕಿ ಆಡಿಸುವುದು, ನಾಯಿಗಳಿಗೆ ರಬ್ಬರ್ ಬಾತುಕೋಳಿ ಕೀಚುಗುಟ್ಟಿಸುವುದು, ದೊಡ್ಡವರಿಗೆ "ಇಲ್ಲಿ ನೋಡಿ" ಎನ್ನುವುದು ಅವಳ ಕೆಲಸ.

ಹೋದ ವಾರ ಪಶುವೈದ್ಯೆ ತನ್ನ ಒಂಟಿಗಣ್ಣಿನ ಮುದಿ ನಾಯಿಯ ಜೊತೆ ಕೂತಿದ್ದಳು. ನಾಯಿಯ ಒಳ್ಳೆಯ ಕಣ್ಣು ಕ್ಯಾಮೆರಾ ಕಡೆಗಿತ್ತು. "ಡಾಕ್ಟ್ರೇ, ಹಾಗೇ ಇರಿ, ಅಲುಗಾಡಬೇಡಿ" ಎನ್ನುವಾಗ ಇವನ ದನಿ ಜೇನಾಯಿತು. ಅವಳು ಕೆನ್ನೆಯಲ್ಲಿ ಗುಳಿ ಬೀಳುವಂತೆ ನಕ್ಕಳು. ಅಂದಿನಿಂದ ಚೂಟಿಗೆ ಊಟ ರುಚಿಸಿಲ್ಲ.

ಇಷ್ಟು ವರ್ಷದಲ್ಲಿ "ಕೂತ್ಕೋ, ನಿನ್ನದೊಂದು ತೆಗೀತೀನಿ" ಎಂದು ಅವನು ಒಮ್ಮೆಯೂ ಅಂದಿಲ್ಲ. ಸೊಟ್ಟ ಕೆಟಲ್ಲು ಗೋಡೆ ಹತ್ತಿತು, ಅವಳು ಹತ್ತಲಿಲ್ಲ. ಎದುರು ಬೀದಿಯ ಪಾಸ್‌ಪೋರ್ಟ್ ಫೋಟೋ ಅಂಗಡಿಯವರು ಕೆಲಸಕ್ಕೆ ಕರೆದಿದ್ದರು. ಇವತ್ತು ಸಂಜೆ ಫೋನ್ ಮಾಡುತ್ತಾರೆ. ಬರ್ತೀನಿ ಎನ್ನುವುದೆಂದು ಅವಳು ನಿರ್ಧರಿಸಿದ್ದಳು.

ಅಷ್ಟರಲ್ಲಿ ಪಶುವೈದ್ಯೆಯೇ ಬಂದಳು, ಫ್ರೇಮ್ ಆರಿಸಲು. ಅವನು ಮಾದರಿಗಳನ್ನು ತರಲು ಒಳಗೆ ಹೋದ.

"ನಗು ಚೆನ್ನಾಗಿ ಬಂದಿದೆ," ಎಂದಳು ಚೂಟಿ, ಹಲ್ಲು ಕಚ್ಚಿಕೊಂಡು. "ಏನಂದ ಅವನು, ಅಷ್ಟು ನಗೋಕೆ?"

"ಅವರೆಲ್ಲಿ ಕಾಣಿಸ್ತಿದ್ರು ನನಗೆ? ಪಕ್ಕಕ್ಕೆ ತಿರುಗಿಸಿ ಕೂರಿಸಿದ್ರಲ್ಲ. ನಾನು ನೋಡ್ತಿದ್ದದ್ದು ನಿಮ್ಮನ್ನ. ಕೈಯಲ್ಲಿ ಬಾತುಕೋಳಿ ಕೀಚ್ ಕೀಚ್ ಅಂತಿದೆ, ಮುಖ ನೋಡಿದ್ರೆ ಹರಳೆಣ್ಣೆ ಕುಡಿದ ಹಾಗಿದೆ. ನಗದೆ ಇನ್ನೇನ್ ಮಾಡ್ಲಿ?"

ಚೂಟಿಯ ಕಿವಿ ಬಿಸಿಯಾಯಿತು. ಎಷ್ಟೋ ಜನರ ನೋಟವನ್ನು ತಾನೇ ಕಿಟಕಿಗೆ ಎಳೆದವಳು! ಹೊಟ್ಟೆಕಿಚ್ಚು ಅವಳಿಗೆ ತನ್ನ ಕೆಲಸವನ್ನೇ ಮರೆಸಿತ್ತು.

ಫ್ರೇಮ್ ಆರಿಸಿ ಪಶುವೈದ್ಯೆ ಹೊರಟುಹೋದಳು. ಆದರೂ ಚೂಟಿಯ ಒಳಗೊಂದು ಮುಳ್ಳು ಉಳಿದಿತ್ತು.

"ಅವಳೇನೋ ನನ್ನನ್ನ ನೋಡಿ ನಕ್ಕಳು. ನೀನು ವಾರದಿಂದ ಅವಳನ್ನ ನೋಡ್ತಿದ್ದೀಯಲ್ಲ, ಅದಕ್ಕೇನಂತೀಯ?"

ಅವನು ಭೂತಗನ್ನಡಿಯನ್ನು ಅವಳ ಕೈಗಿಟ್ಟ. "ಡಾಕ್ಟ್ರನ್ನ ಬಿಡು. ನಾಯಿ ಕಣ್ಣು ನೋಡು."

ಆ ಮುದಿ ಕಣ್ಣಿನ ಅಂಚಿನಲ್ಲಿ ಪುಟ್ಟ ಕಿಟಕಿಯಿತ್ತು. ಕಿಟಕಿಯ ಮುಂದೆ ಬಾತುಕೋಳಿ ಎತ್ತಿ ಹಿಡಿದ ಒಂದು ಚೂರು ಹುಡುಗಿ. ತನ್ನ ಗುಂಗುರು ಕೂದಲನ್ನು ಚೂಟಿ ಗುರುತಿಸಿದಳು.

"ಹುಂಜದ ಕಣ್ಣಲ್ಲೂ ಇದ್ದೀಯ. ಕೆಟಲ್ಲಿನ ಹೊಟ್ಟೇಲೂ ಇದ್ದೀಯ. ಇಲ್ದಿದ್ರೆ ಆ ಸೊಟ್ಟ ಕೆಟಲ್ಲನ್ನ ನಾನ್ಯಾಕೆ ಗೋಡೆಗೆ ಹಾಕ್ತಿದ್ದೆ?"

ಅವಳು ಭೂತಗನ್ನಡಿಯನ್ನು ಕೆಳಗಿಟ್ಟಳು. "ನನ್ನ ಫೋಟೋನೇ ತೆಗೀಬಹುದಿತ್ತಲ್ಲ."

"ನೀನು ಪಕ್ಕಕ್ಕೆ ತಿರುಗಿ ಬೇರೆ ಯಾರನ್ನೋ ನೋಡ್ತಾ ಕೂರಬೇಕು, ನಾನು ಅದನ್ನ ತೆಗೀಬೇಕು. ಹೊಟ್ಟೆ ಉರಿ ನಿನಗೊಬ್ಬಳಿಗೇನಾ ಇರೋದು?"

ಅವನು ಸ್ಟೂಲ್ ಎಳೆದ. ಅವಳು ಕೂತು, ರೂಢಿಯಂತೆ ಕಿಟಕಿ ಕಡೆ ತಿರುಗಿದಳು.

"ಅಲ್ಲಲ್ಲ. ಈ ಕಡೆ. ನನ್ನ ಕಡೆ."

ಅವಳು ತಿರುಗಿದಳು. ಅವನು ಕ್ಯಾಮೆರಾ ಎತ್ತಿದವನು ಹಾಗೇ ಇಳಿಸಿದ.

"ತೆಗಿ ಮತ್ತೆ."

"ಇರು, ಇನ್ನೂ ನೋಡಿ ಆಗಿಲ್ಲ."

ಕಿಟಕಿಯ ಕಟ್ಟೆಯ ಮೇಲಿದ್ದ ಅವಳ ಫೋನ್ ರಿಂಗಾಗತೊಡಗಿತು. ಪಾಸ್‌ಪೋರ್ಟ್ ಅಂಗಡಿಯವರೇ ಇರಬೇಕು. ಅದು ಬಡಿದುಕೊಂಡು ಬಡಿದುಕೊಂಡು ನಿಲ್ಲುವವರೆಗೂ ಚೂಟಿ ಪಕ್ಕಕ್ಕೆ ತಿರುಗಲಿಲ್ಲ.