ಮಾಸ್ತಿಕಲ್ಲಿನ ಹಸಿರು ಬಳೆ

"ಸಿದ್ದು... ಒಂದೇ ಒಂದು ಮಾತಾಡೋ!"

ಸಿದ್ಧಾರ್ಥ್ ಮಾತಾಡಲಿಲ್ಲ. ದೋಣಿ ಹತ್ತಲು ಕೈ ಕೊಟ್ಟ, ಅಷ್ಟೇ.

ಇಪ್ಪತ್ತು ದಿನದಿಂದ ಅವನು ವೇಣಿಯ ಫೋನ್ ಎತ್ತಿರಲಿಲ್ಲ. ಎರಡು ವರ್ಷ ಪ್ರೀತಿಸಿದ ಹುಡುಗ ಇದ್ದಕ್ಕಿದ್ದಂತೆ ಮೂಕನಾದರೆ ಯಾವ ಹುಡುಗಿಗೆ ತಾನೇ ನಿದ್ದೆ ಬಂದೀತು? ಅದಕ್ಕೇ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ರಜೆ ಹಾಕಿ, ಆನೇಕಲ್ ದಾಟಿ, ಅವನದೇ ದೋಣಿಗೆ ಟಿಕೆಟ್ ಕೊಂಡು ಬಂದಿದ್ದಳು. ಇವತ್ತು ಉತ್ತರ ಸಿಗದಿದ್ದರೆ ಅವನನ್ನು ಮರೆತೇಬಿಡುವುದೆಂದು ನಿರ್ಧರಿಸಿದ್ದಳು. ಮರೆಯುವುದು ಅಷ್ಟು ಸುಲಭವೇ, ಪಾಪ!

ಹೊಳೆಯ ಮೇಲೆ ದಿನವಿಡೀ ನಿಧಾನಕ್ಕೆ ತೇಲುತ್ತಾ, ದಡದ ಹಳೇ ಕಲ್ಲುಗಳನ್ನು ನೋಡುವ ವಿಹಾರವದು. ಸಿದ್ಧಾರ್ಥ್ ಎಲ್ಲರ ಜೊತೆಯೂ ನಗುನಗುತ್ತಾ ಮಾತಾಡಿದ.

"ಇದು ವೀರಗಲ್ಲು ಸಾರ್. ಕದ್ದ ದನ ಬಿಡಿಸೋಕೆ ಹೋಗಿ ಸತ್ತೋನು."

ವೇಣಿ ಕೇಳಿದರೆ ಮಾತ್ರ ಮುಖ ತಿರುಗಿಸಿದ.

ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಗಳ ಸದ್ದು ಹಿಂದುಳಿಯಿತು. ಹೊಳೆಯ ಬಿಳಿ ನೊರೆ ದೋಣಿಯ ಸುತ್ತ ಬಂದು ಕವಿಯಿತು. ಗಾಳಿಯಿಲ್ಲ, ಒಂದು ಹಕ್ಕಿಯೂ ಇಲ್ಲ. ಆಗ ಕೇಳಿಸಿತು...

ಘಲ್... ಘಲ್...

ನೀರೊಳಗಿನಿಂದ ಬಳೆಯ ಸದ್ದು!

ಎದುರಿಗೆ ಅರ್ಧ ಮುಳುಗಿದ ಮಾಸ್ತಿಕಲ್ಲು. ಎಂದೋ ಗಂಡನ ಚಿತೆ ಏರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು. ಕೆತ್ತಿದ ಹೆಣ್ಣಿನ ಮೇಲೆತ್ತಿದ ಕೈ ಮಾತ್ರ ನೀರಿನಿಂದ ಹೊರಗಿತ್ತು. ಕಲ್ಲಿನ ನೆತ್ತಿಯ ಮೇಲೆ ಹಸಿರು ಗಾಜಿನ ಬಳೆಗಳು.

"ಅದನ್ನ ಯಾರು ಇಟ್ಟಿದ್ದು, ಅಜ್ಜಿ?" ಪ್ರವಾಸಿಯೊಬ್ಬ ಕೇಳಿದ.

ದೋಣಿಯ ತುದಿಯಲ್ಲಿ ಕೂತಿದ್ದ ಸಿದ್ಧಾರ್ಥನ ಅಜ್ಜಿ ಪಿಳ್ಳಮ್ಮ ಎಲೆಅಡಿಕೆ ಜಗಿಯುತ್ತಾ ಅಂದಳು. "ನಾನೇ ಕಣಪ್ಪ. ನಮ್ ಸಿದ್ದನ್ ಮದ್ವೆಗೆ. ಹುಡ್ಗಿ ಎಸ್ರು ಏಳಿ ಡಜನ್ ಬಳೆ ಇಕ್ಕಿವ್ನಿ."

ಮದುವೆ! ಹಾಗಾದರೆ ಇದಕ್ಕೇನಾ ಈ ಮೌನ?

ವೇಣಿಯ ಎದೆ ಒಡೆದುಹೋಯಿತು. ಅಳು ಯಾರಿಗೂ ಕಾಣದಿರಲೆಂದು ದೋಣಿಯ ಅಂಚಿಗೆ ಬಾಗಿ, ಕೈಯನ್ನು ನೊರೆಯೊಳಗೆ ಇಳಿಬಿಟ್ಟಳು.

ಯಾರೋ ಬೆರಳು ಹಿಡಿದರು.

ತಣ್ಣನೆಯ, ಒರಟು ಬೆರಳುಗಳು. ಬಳೆ ತೊಡಿಸುವವರ ಹಾಗೆ ಅವಳ ಅಂಗೈಯನ್ನು ಮೆಲ್ಲಗೆ ಹಿಂಡಿದವು! ಕಿರುಚಿ ಕೈ ಎಳೆದುಕೊಂಡಳು. ಮಣಿಕಟ್ಟಿನಲ್ಲಿ ಒಂದು ಹಸಿರು ಬಳೆ. ಸೋಪು ಹಚ್ಚದೆ ಬಳೆಯೇ ಏರದ ಕೈ ಅದು!

ಪಿಳ್ಳಮ್ಮ ಕಲ್ಲಿನ ಮೇಲಿನ ಬಳೆ ಎಣಿಸಿದಳು. ಹನ್ನೊಂದೇ ಇದ್ದವು.

"ಮಾಸ್ತಿ ಅವ್ವ ಒಪ್ಪವ್ಳೆ! ಇನ್ನ ಮಾತಾಡೋ ಸಿದ್ದ, ಮಾತಾಡು!"

ಸಿದ್ಧಾರ್ಥ್ ಹುಟ್ಟು ಬಿಸಾಕಿ ಬಂದು ವೇಣಿಯ ಮುಂದೆ ಕುಸಿದ.

"ಬಳೆ ಇಟ್ಟಿದ್ದು ನಿನ್ನ ಹೆಸ್ರಲ್ಲೇ ಕಣೇ... ಅವ್ವ ಒಂದು ಬಳೆ ತೊಡಿಸೋ ತನಕ ಆ ಹುಡುಗಿ ಹತ್ರ ಮಾತಾಡಬಾರ್ದು, ವಿಷ್ಯಾನೂ ಹೇಳಬಾರ್ದು. ನಮ್ಮನೆ ಕಟ್ಟು ಅದು."

"ಕಟ್ಟು ಮುರಿದ್ರೆ?"

"ನಮ್ಮ ದೊಡ್ಡಜ್ಜ ಮುರಿದಿದ್ರು. ಅವರ ಹುಡುಗಿ ಇದೇ ಹೊಳೇಲಿ..." ಅವನು ನೊರೆಯ ಕಡೆಯಿಂದ ಮುಖ ತಿರುಗಿಸಿದ. "ನಿನ್ನ ಕಳ್ಕೊಳ್ಳೋಕಿಂತ ನಿನ್ನ ಹತ್ರ ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು ವೇಣಿ."

"ಇಪ್ಪತ್ತು ದಿನ ಜೀವಾನೇ ಹೋದಂಗಿತ್ತು, ಗೊತ್ತಾ!" ಅವನ ಎದೆಗೆ ಗುದ್ದಿ, ಅದೇ ಎದೆಗೆ ಒರಗಿ ಅತ್ತಳು.

ದೋಣಿ ಹಿಂದಿರುಗುವಾಗ ಅವನು ಕೇಳಿದ. "ಭಯ ಆಗ್ತಿದ್ಯಾ?"

"ಹೂಂ. ಈ ಬಳೆ ತುಂಬಾ ತಣ್ಣಗಿದೆ ಕಣೋ..."

ಅವನು ಎರಡೂ ಅಂಗೈಯಿಂದ ಅವಳ ಮಣಿಕಟ್ಟನ್ನು ಮುಚ್ಚಿ ಹಿಡಿದ. "ಈಗ?"

"ಇನ್ನೂ ತಣ್ಣಗೇ ಇದೆ." ವೇಣಿ ಅಳುತ್ತಲೇ ನಕ್ಕಳು. "ಆದ್ರೂ... ಬಿಡ್ಬೇಡ."