ಮುತ್ತಜ್ಜಿಯ ಕೈ ನಡುಗುತ್ತಿತ್ತೇ?

"ಆಸ್ತಿ ವಿಚಾರವಾ?" ಎಂದು ಗುಮಾಸ್ತ ತಲೆ ಎತ್ತದೆಯೇ ಕೇಳಿದ. ಹಳೆಯ ದಾಖಲೆಗಳ ಆ ಕೋಣೆಗೆ ವಂಶಾವಳಿ ಹುಡುಕಿಸಲು ಬರುವವರೆಲ್ಲ ಬರುವುದು ಆಸ್ತಿಗೇ ತಾನೆ!

"ಅಲ್ಲ. ನಾನು ಹೇಗೆ ಸಾಯ್ತೀನಿ ಅಂತ ತಿಳ್ಕೋಬೇಕು," ಎಂದಳು ಬಂದವಳು.

ಆಗ ತಲೆ ಎತ್ತಿದ. ಎತ್ತಿದ ತಲೆ ಬಹಳ ಹೊತ್ತು ಬಗ್ಗಲಿಲ್ಲ, ಪಾಪ.

ಅವಳು ಹಲ್ಲಿನ ಸೆಟ್ ತಯಾರಿಸುವವಳು. ಊರಿನ ಅರ್ಧ ಮುದುಕರ ನಗು ಅವಳ ಕೈಯದ್ದೇ, ಆದರೆ ಅವಳ ಮುಖದಲ್ಲಿ ಮಾತ್ರ ನಗುವಿಗೆ ಬರ. ಅವಳ ಅಮ್ಮನಿಗೆ ನಡುವಯಸ್ಸಿನಲ್ಲಿ ಮೊದಲು ಕೈ ನಡುಗಿತು, ಆಮೇಲೆ ಮೈ. ಮಾತು ಹೋಯಿತು. ಕೊನೆಗೆ ಹೆತ್ತ ಮಗಳ ಗುರುತೂ ಸಿಗಲಿಲ್ಲ.

ಇದು ವಂಶದಲ್ಲೇ ಇದ್ದರೆ ಮಗಳಿಗೂ ಬರಬಹುದು, ಬಾರದೆಯೂ ಇರಬಹುದು, ಸಾಧ್ಯತೆ ಅರ್ಧಕ್ಕರ್ಧ ಎಂದಿದ್ದರು ಡಾಕ್ಟರು. ಅಜ್ಜಿ ಚಿಕ್ಕ ವಯಸ್ಸಿಗೇ ಹೆರಿಗೆಯಲ್ಲಿ ತೀರಿಕೊಂಡವಳು, ಅವಳಿಂದ ಏನೂ ತಿಳಿಯುವಂತಿಲ್ಲ. ಉಳಿದವಳು ಆ ಅಜ್ಜಿಯ ತಾಯಿ, ಮುತ್ತಜ್ಜಿ. ಅವಳ ಕೈ ನಡುಗುತ್ತಿತ್ತೇ?

ಕಚೇರಿಯಲ್ಲಿ ಅವನನ್ನು ಬೇರಣ್ಣ ಎಂದು ಕರೆಯುತ್ತಿದ್ದರು. ಯಾರ ವಂಶದ ಬೇರನ್ನಾದರೂ ಅಗೆದು ತೆಗೆಯುವ ಆಸಾಮಿ. ಶನಿವಾರ ಬಂತೆಂದರೆ ಇಬ್ಬರೂ ಎದುರುಬದುರು ಕೂತು ಜನನ, ಮರಣ, ಮದುವೆಯ ಪುಸ್ತಕಗಳನ್ನು ತಿರುವುತ್ತಿದ್ದರು. ಅಮ್ಮನ ಜನನದಿಂದ ಅಜ್ಜಿಯ ಮದುವೆ ಸಿಕ್ಕಿತು, ಅಜ್ಜಿಯ ಮದುವೆಯಿಂದ ಮುತ್ತಜ್ಜಿಯ ಹೆಸರು. ಅವಳು ದೂರದ ಊರಿನ ಆಸ್ಪತ್ರೆಯಲ್ಲಿ ಸತ್ತದ್ದೂ ತಿಳಿಯಿತು. ಅಲ್ಲಿನ ದಾಖಲೆಯ ನಕಲು ಬೇಕೆಂದು ಅವನು ಬರೆದು ಹಾಕಿದ.

ಅವಳು ಧೂಳಿಗೆ ಸೀನಿದರೆ ಅವನು ಓಡಿಹೋಗಿ ಕಿಟಕಿ ತೆರೆಯುತ್ತಿದ್ದ. ಅವನು ಕಿಟಕಿ ತೆರೆಯಲೆಂದೇ ಅವಳು ಒಂದೆರಡು ಸಲ ಸುಳ್ಳು ಸೀನು ಸೀನಿದ್ದೂ ಉಂಟು. ಮರುಗಳಿಗೆಯೇ ತನ್ನನ್ನೇ ಗದರಿಕೊಳ್ಳುತ್ತಿದ್ದಳು. 'ಬೇಡ ಕಣೇ... ನಾಳೆ ಇವನ ಗುರುತೂ ಸಿಗದೆ ಹೋದರೆ?'

ಒಂದು ಬೆಳಿಗ್ಗೆ ಮೇಣದಲ್ಲಿ ಹಲ್ಲು ಕೂರಿಸುವಾಗ ಅವಳ ಕಿರುಬೆರಳು ಅದುರಿತು. ಒಮ್ಮೆಯೇ. ಕೆಲಸ ಬಿಟ್ಟು ಅವನ ಕಚೇರಿಗೆ ಓಡಿದಳು.

ನಕಲು ಬಂತಾ ಎಂದು ಕೇಳಿದರೆ, ಇನ್ನೂ ಇಲ್ಲ ಎಂದ, ಕಣ್ಣು ತಪ್ಪಿಸಿ. ಅವಳಿಗೆ ನೀರು ತರಲು ಹೋದ. ಅರ್ಧ ತೆರೆದ ಮೇಜಿನ ಖಾನೆಯಲ್ಲಿ ಆ ಆಸ್ಪತ್ರೆಯ ಲಕೋಟೆ ಕಂಡಿತು. ಮೇಲೆ ಮುತ್ತಜ್ಜಿಯ ಹೆಸರು. ಅಂಚೆಯ ಮುದ್ರೆ ಹೋದ ತಿಂಗಳದ್ದು!

'ಓದಿದ್ದಾನೆ. ಓದಿ ಹೆದರಿದ್ದಾನೆ. ಕೈ ತೊಳೆದುಕೊಳ್ಳಲು ದಾರಿ ಹುಡುಕುತ್ತಿದ್ದಾನೆ...'

ಲೋಟ ಹಿಡಿದು ಬಂದವನ ಮುಂದೆ ಲಕೋಟೆ ಎಸೆದಳು. ಸುಳ್ಳುಗಾರ ಎಂದಳು, ಹೇಡಿ ಎಂದಳು, ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಎಲ್ಲ ಮುಗಿದ ಮೇಲೆ ಅವನು ಲಕೋಟೆ ತಿರುಗಿಸಿ ತೋರಿಸಿದ. ಅಂಟು ಬಿಚ್ಚಿರಲಿಲ್ಲ.

"ಹೇಡಿ ಅಂದಿದ್ದು ನಿಜ. ಇದನ್ನ ಒಡೆಯೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಧೈರ್ಯ ಸಾಲ್ಲಿಲ್ಲ."

"ಯಾವ ಮಾತು?"

"ನನ್ನ ಮದುವೆ ಆಗ್ತೀರಾ ಅಂತ. ಒಡೆದ ಮೇಲೆ ಕೇಳಿದ್ರೆ... ಕೆಟ್ಟದ್ದಿದ್ರೆ ಕನಿಕರಕ್ಕೆ ಕೇಳ್ದ ಅಂತೀರಿ. ಒಳ್ಳೇದಿದ್ರೆ, ಕಾಯಿಲೆ ಇಲ್ಲ ಅಂತ ಗಟ್ಟಿ ಮಾಡ್ಕೊಂಡು ಕೇಳ್ದ ಅಂತೀರಿ."

ಚಮಚದಲ್ಲಿ ಉಣಿಸುತ್ತಿದ್ದ ಅಪ್ಪ, ಆ ಚಮಚವನ್ನು ತಳ್ಳುತ್ತಿದ್ದ ಅಮ್ಮ ಕಣ್ಣ ಮುಂದೆ ಬಂದರು. ಆ ಪಾಡನ್ನು ಇವನಿಗೆ ಕೊಡಲೇ? ಹೂಂ ಅನ್ನಲು ಭಯ. ಊಹೂಂ ಅಂದರೆ ಇವನಿಲ್ಲದ ಶನಿವಾರಗಳು... ಆ ಭಯ ಇನ್ನೂ ದೊಡ್ಡದಿತ್ತು.

"ಆಗ್ತೀನಿ. ಈಗ ಒಡೀರಿ."

ಒಡೆದ. ಒಳಗಿದ್ದದ್ದು ಒಂದೇ ಹಾಳೆ. ಅವಳೇ ಓದಿದಳು. ಮೊದಲು ಕೈ ನಡುಕ. ಆಮೇಲೆ ಮೈ. ಮಾತು ನಿಂತದ್ದು. ಮಕ್ಕಳ ಗುರುತು ಹೋದದ್ದು. ಅಮ್ಮನ ಕಥೆಯನ್ನೇ ಯಾರೋ ಮೊದಲೇ ಬರೆದಿಟ್ಟಂತಿತ್ತು.

ಹಾಳೆ ಜಾರಿ ಬಿತ್ತು. ಅವಳ ಎರಡೂ ಕೈಗಳು ಈಗ ನಡುಗುತ್ತಿದ್ದವು. ಭಯಕ್ಕೋ, ಆ ಕಾಯಿಲೆಗೋ... ಯಾರಿಗೆ ಗೊತ್ತು?

"ಇನ್ನೊಂದ್ಸಲ ಯೋಚ್ನೆ ಮಾಡಿ," ಎಂದಳು. "ನಾನು ನಿಮ್ಮನ್ನ ಹಿಡಿದಿಟ್ಕೊಳ್ಳಲ್ಲ."

ಅವನು ಆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ. ನೋಡಿದರೆ ಅವನ ಕೈಯೂ ನಡುಗುತ್ತಿತ್ತು.

"ನಾನು ಕೇಳಿ ಆಯ್ತು, ನೀವು ಒಪ್ಪಿಯೂ ಆಯ್ತು. ಆ ಹಾಳೆ ಓದಿದ್ದು ಆಮೇಲೆ."

"ನಂಗೆ ತುಂಬಾ ಭಯ ಆಗ್ತಿದೆ..."

"ನನಗೂ. ಇನ್ಮೇಲೆ ಒಟ್ಟಿಗೇ ಹೆದರೋಣ."