ಗಾಜಿನ ಮೇಲಿನ ಗೀರು

ಲಕೋಟೆ ಇತ್ತು. ಒಳಗಿನ ಗಾಜು ಇರಲಿಲ್ಲ!

ಅನಂತಪದ್ಮನಾಭರು ಬೀರುವಿನಲ್ಲಿ ಮತ್ತೆ ಮತ್ತೆ ತಡಕಾಡಿದರು. ನಲವತ್ತು ವರ್ಷಗಳ ಹಿಂದೆ, ಚಾಮರಾಜಪುರಂನ ಇದೇ ಮನೆಯ ತಾರಸಿಯಲ್ಲಿ, ಗೆಳೆಯ ವೃಷಭೇಂದ್ರಪ್ಪನ ಜೊತೆ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಆ ಗಾಜಿನ ಮೇಲೆ ಆಕಾಶದ ಚಿತ್ರ ತೆಗೆದಿದ್ದರು. ನೆಗೆಟಿವ್ ಆದ್ದರಿಂದ ನಕ್ಷತ್ರಗಳೆಲ್ಲ ಕರಿ ಚುಕ್ಕೆ. ನಡುವೆ ಒಂದೇ ಒಂದು ಪುಟ್ಟ ಗೆರೆ. ಮಂಗಳ, ಗುರುಗಳ ನಡುವೆ ಸುತ್ತುವ, ಮೈಸೂರಿನಷ್ಟೇ ಅಗಲದ ಕ್ಷುದ್ರಗ್ರಹವೊಂದು ಗಂಟೆ ಹೊತ್ತಿನಲ್ಲಿ ನಡೆದ ದಾರಿ ಅದು. ವಿಜ್ಞಾನಿಗಳ ಕಣ್ಣಿಗೆ ಅದು ಬಿದ್ದದ್ದು ಮೊನ್ನೆ ಮೊನ್ನೆ. ನಾಳೆ ಅವರಿಗೆ ಗಾಜು ತೋರಿಸಿದರೆ, ಮೊದಲು ಕಂಡವರ ಹೆಸರು ದಾಖಲೆ ಸೇರುತ್ತಿತ್ತು.

"ಯಾರ ಮೇಲೆ ಅನುಮಾನ ಸಾರ್?" ಪಕ್ಕದ ಮನೆಯ ಚಾಮುಂಡೇಶ್ವರಿ ಕೇಳಿದರು. ಇನ್‌ಸ್ಪೆಕ್ಟರ್ ಕೆಲಸದಿಂದ ನಿವೃತ್ತಿಯಾಗಿದ್ದರೂ ಅವರ ಮೂಗಿಗೆ ನಿವೃತ್ತಿ ಸಿಕ್ಕಿರಲಿಲ್ಲ.

"ವೃಷಭನೇ ಕಣ್ರೀ. ನಿನ್ನೆ ಬಂದು ಗಾಜು ನೋಡ್ದ. ಮೊದಲು ಕಂಡಿದ್ದು ತಾನು ಅಂತ ಜಗಳ ಆಡ್ಬುಟ್ಟು ಹೋದ."

"ನಿಜವಾಗ್ಲೂ ಯಾರು ಕಂಡಿದ್ದು?"

"ನಾನೇ!" ದನಿ ಬೇಕಾದ್ದಕ್ಕಿಂತ ಜೋರಾಯಿತು.

ಆ ರಾತ್ರಿಗಳಲ್ಲಿ ಇಬ್ಬರಿಗೂ ಒಂದೇ ಕಂಬಳಿ, ಹೆಂಡತಿ ಅಂಬುಜಾ ಕೊಡುತ್ತಿದ್ದ ಫ್ಲಾಸ್ಕಿನ ಕಾಫಿ, ಕಣ್ಣು ಕೀಳದೆ ದೂರದರ್ಶಕ ಹಿಡಿದು ಕೂರುತ್ತಿದ್ದ ವೃಷಭ... ಅಂಥವನು ಕಳ್ಳನೇ?

ಚಾಮುಂಡೇಶ್ವರಿ ಲಕೋಟೆ ಕೊಡವಿದರು. ಅಂಗೈಗೆ ನಾಲ್ಕು ಕಾಳು ಬಿದ್ದವು.

"ಮೊಳಕೆ ಬಂದ ರಾಗಿ! ಬೀರುವಿಗೆ ಎಲ್ಲಿಂದ ಬಂತು? ಗಾಜಿನ ಬೆಲೆ ಗೊತ್ತಿರೋ ಕಳ್ಳ, ಅದನ್ನ ಕಾಪಾಡೋ ಲಕೋಟೆ ಬಿಟ್ಟು ಒಯ್ತಾನಾ? ಬರೀ ಗಾಜು ಅನ್ಕೊಂಡೋರು ತಗೊಂಡಿದ್ದಾರೆ. ಅಂಬುಜಮ್ಮಾ, ಬೊಂಬೆ ಪಾರ್ಕಿಗೆ ರಾಗಿ ಬಿತ್ತಿದ್ದು ನೀವಲ್ವಾ?"

ಹಜಾರದಲ್ಲಿ ದಸರಾ ಬೊಂಬೆಗಳ ಮುಂದೆ, ರಾಗಿ ಬಿತ್ತಿದ ಮಣ್ಣಿನ ನಡುವೆ, ನೀಲಿ ಕಾಗದದ ಮೇಲೊಂದು ಗಾಜಿನ ಕೊಳ. ಮೇಲೆ ಎರಡು ಮರದ ಬಾತುಕೋಳಿ.

"ಕೊಳದ ಕನ್ನಡಿ ಒಡೆದೋಯ್ತು," ಅಂಬುಜಾ ಗಂಡನ ಮುಖ ನೋಡಲಾರದೆ ಹೇಳಿದರು. "ಬೀರು ತುಂಬ ಗಾಜಿತ್ತು. ಮೇಲಿದ್ದಿದ್ದು ತಗೊಂಡೆ. ಚುಕ್ಕೆ ಒರೆಸಿದೆ, ಹೋಗ್ಲೇ ಇಲ್ಲ."

ಸದ್ಯ! ಅನಂತಪದ್ಮನಾಭರು ಬಾತುಕೋಳಿ ಎತ್ತಿದರು. ಅದರಡಿ ಆ ಗೆರೆ ಹಾಗೇ ಇತ್ತು.

"ಇನ್ನೊಂದು ಕಳ್ಳತನ ಉಳೀತು ಸಾರ್." ಚಾಮುಂಡೇಶ್ವರಿ ಲಕೋಟೆಯ ಬೆನ್ನು ತೋರಿಸಿದರು. ಮಾಸಿದ ಶಾಯಿ, ಅನಂತಪದ್ಮನಾಭರದೇ ಅಕ್ಷರ: 'ಬರೀ ಗೀರು. ವೃಷಭ ಮಾತ್ರ ಗ್ರಹವೆಂದು ಹಠ ಹಿಡಿದಿದ್ದಾನೆ.'

ನಾನೇ ಕಂಡೆ ಎಂದು ಹೇಳಿ ಹೇಳಿ ಅವರಿಗೇ ಅದು ನಿಜವೆನಿಸಿಬಿಟ್ಟಿತ್ತು. ನಾಚಿಕೆಯಿಂದ ತಲೆ ತಗ್ಗಿತು. ಫೋನು ಎತ್ತಿಕೊಂಡರು.

"ವೃಷಭ, ಬಂದ್ಬುಡೋ. ಮೊದಲು ಕಂಡೋನು ನೀನೇ ಕಣೋ. ನಾನು ಗೀರು ಅಂದಿದ್ದೆ."

ಆ ಕಡೆಯಿಂದ ಮೂಗು ಸೀಟಿದ ಸದ್ದು.

"ಫ್ಲಾಸ್ಕಲ್ಲಿ ಕಾಫಿ ಹಾಕ್ಸು. ಬಂದೆ."